ಬಿಸಿಯಾದರೆ ಕಿಡಿ ಇಲ್ಲ

೨೮ ಆಗಸ್ಟ್ ೧೯೪೮, ಶನಿವಾರ

ಪ್ಲಗ್ಗು ಬಿಚ್ಚಿ ಒರೆಸಿದೆ. ದೋಣಿ ಮೋಟಾರಿನ ಮೈಗೆ ಆನಿಸಿ ಹಿಡಿದು ಹಗ್ಗ ಎಳೆದೆ. ಕಿಡಿ ಇಲ್ಲ. ಮತ್ತೆ ಎಳೆದೆ. ಇಲ್ಲ. ಹಗಲಲ್ಲಿ ಸಣ್ಣ ಕಿಡಿ ಕಾಣದು ಎಂದು ಗೋಣಿಚೀಲ ಹೊದ್ದು ಕತ್ತಲೆ ಮಾಡಿಕೊಂಡು ನೋಡಿದೆ. ಆಗಲೂ ಇಲ್ಲ.

ಅದೇ ಪ್ಲಗ್ಗನ್ನು ಲಾರಿಯ ವೈರಿಗೆ ಸಿಕ್ಕಿಸಿ ಲಾರಿಯ ಎಂಜಿನ್ ತಿರುಗಿಸಿದೆ. ಚಟ್ ಚಟ್ ಎಂದು ನೀಲಿ ಕಿಡಿ. ಅಂದರೆ ಪ್ಲಗ್ಗು ಸರಿ. ರೋಗ ಇರುವುದು ಒಳಗೆ, ಕಿಡಿ ಹುಟ್ಟಿಸುವ ಮ್ಯಾಗ್ನೆಟೋದಲ್ಲಿ. ಮೇಲಿನ ಚಕ್ರ ತೆಗೆಯಬೇಕು. ಚಕ್ರ ತೆಗೆಯುವ ಪುಲ್ಲರ್ ಬೆಟಗೇರಿಯ ನನ್ನ ಅಂಗಡಿಯಲ್ಲಿದೆ. ನಾನು ಇಲ್ಲಿ.

ನಿನ್ನೆ ಹತ್ತಿ ಲಾರಿಯಲ್ಲಿ ಬಂದೆ. ಗವಿಸಿದ್ದಪ್ಪನವರು ತಾವೇ ಅಂಗಡಿಗೆ ಬಂದು ಕರೆದರು. ಮುಂಡರಗಿಯ ಹತ್ತಿ ವ್ಯಾಪಾರಿ, ಈಗ ನಿಜಾಮನ ವಿರುದ್ಧ ಹೊಳೆದಂಡೆಯಲ್ಲಿ ಹೂಡಿದ ಈ ಕ್ಯಾಂಪಿಗೆ ಅವರೇ ಹಿರಿಯರು. "ಬಸ್ರಾದಾಗ ಮಿಲಿಟರಿ ದೋಣಿ ಮೋಟಾರ ರಿಪೇರಿ ಮಾಡಿದಾಂವ ಈ ಸೀಮಿಯೊಳಗ ನೀ ಒಬ್ಬನ, ಉಳವಪ್ಪ. ಬಾ. ಒಂದ ದಿನದ ಕೆಲಸ" ಎಂದರು. ಹೆಂಡತಿ ಸಿದ್ದಲಿಂಗವ್ವ ಮಗ್ಗದಿಂದ ಏಳಲಿಲ್ಲ. "ಲಡಾಯಿ ಮುಗಿಸಿ ಬಂದ ದಿನ ಏನ ಅಂದಿದ್ದಿ, ನೆನಪೈತೇನು?" ಎಂದಷ್ಟೇ ಕೇಳಿದಳು. ನೆನಪಿತ್ತು. ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದಿದ್ದೆ. ಆದರೂ ಲಾರಿ ಹತ್ತಿದೆ.

ಇಲ್ಲಿಂದ ಹೊಳೆಗುಂಟ ಕೆಳಗೆ ಹೋದರೆ ನಿಜಾಮನ ಸೀಮೆ. ಅಲ್ಲಿಯ ಮಡ್ಡಿಹಾಳ ಎಂಬ ಊರನ್ನು ರಜಾಕಾರರು ಸುತ್ತುಗಟ್ಟಿದ್ದಾರೆ. ಎತ್ತಿನ ದಾರಿ, ಕಾಲುದಾರಿ ಎಲ್ಲ ಬಂದ್. ಉಳಿದದ್ದು ಹೊಳೆಯೊಂದೇ. ಹರಿಗೋಲು ಕೆಳಗೆ ತೇಲಿ ಹೋದೀತು, ಈ ಸೆಳವಿನಲ್ಲಿ ಮೇಲೆ ಬಾರದು. ಅದಕ್ಕೇ ಗವಿಸಿದ್ದಪ್ಪನವರು ಪುಣೆಯ ಹಳೆ ಸಾಮಾನು ಮಾರುವ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಈ ಮೋಟಾರು ಕೊಂಡು ತಂದು ಒಂದು ಮರದ ದೋಣಿಯ ಹಿಂದಕ್ಕೆ ಕಟ್ಟಿದರು. ಎರಡು ಸಲ ಹೋಗಿ ಜನರನ್ನು ತಂದದ್ದೂ ಆಗಿದೆ. ಮೂರನೆಯ ಸಲ ನಡುನೀರಿನಲ್ಲಿ ನಿಂತುಬಿಟ್ಟಿತು. ಗವಿಸಿದ್ದಪ್ಪನವರ ತಾಯಿ ಇನ್ನೂ ಅಲ್ಲೇ ಇದ್ದಾರೆ. ಕಾಯಿಲೆ ಬಿದ್ದ ತಮ್ಮನನ್ನು ನೋಡಲು ಹೋದವರು, ಸಿಕ್ಕಿಬಿದ್ದರು.

ದೋಣಿ ನಡೆಸಿದವನು ಉಸ್ಮಾನಸಾಬ ಎಂಬ ಮುದುಕ. ಬೇಕೆಂತಲೇ ಕೆಡಿಸಿದ ಎಂದು ಅವನನ್ನು ಹತ್ತಿ ಗೋದಾಮಿನಲ್ಲಿ ಕೂಡಿಹಾಕಿದ್ದಾರೆ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

೨೯ ಆಗಸ್ಟ್, ರವಿವಾರ

ನನ್ನ ಹಾಸಿಗೆಯೂ ಅದೇ ಗೋದಾಮಿನಲ್ಲಿ. ನಡುವೆ ಹಲಗೆಯ ತಡಿಕೆ, ಆ ಕಡೆ ಉಸ್ಮಾನಸಾಬ. ಅವನ ಬಾಗಿಲಿಗೆ ಬೀಗ. ನನ್ನದಕ್ಕೆ ಬೀಗ ಇಲ್ಲ—ಆದರೆ ತಿರಕಪ್ಪ ಎಂಬುವನು ಬಂದೂಕು ತೊಡೆಯ ಮೇಲಿಟ್ಟು ಹೊಸ್ತಿಲಲ್ಲೇ ಕೂತಿರುತ್ತಾನೆ. ಕ್ಯಾಂಪಿನ ಹುಡುಗರಿಗೆ ಅವನ ಮಾತೇ ಮಾತು. ಮಡ್ಡಿಹಾಳದಲ್ಲಿ ರಜಾಕಾರರು ಅವನ ಬಣವೆ ಸುಟ್ಟಿದ್ದಾರೆ, ಅಣ್ಣನ ಕೈ ಮುರಿದಿದ್ದಾರೆ. ಅವನು ನಗುವುದನ್ನು ನಾನು ಇನ್ನೂ ನೋಡಿಲ್ಲ.

ಪುಲ್ಲರ್ ಇಲ್ಲದೆ ಚಕ್ರ ತೆಗೆದೆ. ನಟ್ಟನ್ನು ಅರ್ಧ ಸಡಿಲಿಸಿ, ಚಕ್ರವನ್ನು ಕೆಳಗಿನಿಂದ ಎತ್ತಿ ಹಿಡಿದು, ನಟ್ಟಿನ ಮೇಲೆ ಮರದ ಕೊಡತಿಯಿಂದ ಪೆಟ್ಟು. ಮಧ್ಯಾಹ್ನದ ಹೊತ್ತಿಗೆ ಟಪ್ ಎಂದು ಸಡಿಲಾಯಿತು. ಒಳಗೆ ನೋಡಿದರೆ—ಮಣ್ಣು. ಕೂಡಿ ಬಿಟ್ಟು ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ಕೆಂಪು ಮಣ್ಣು ಮೆತ್ತಿ ಒಣಗಿದೆ.

ತಿರಕಪ್ಪ ನನ್ನ ಹೆಗಲ ಮೇಲಿಂದ ನೋಡಿದ. "ನೋಡ್ರಿ! ಮಣ್ಣ ತುಂಬ್ಯಾನ ಮಗ!" ಎಂದು ಕೂಗುತ್ತ ಓಡಿದ. ತಡೆಯುವಷ್ಟರಲ್ಲಿ ಇಡೀ ಕ್ಯಾಂಪಿಗೆ ಸುದ್ದಿ.

ತಡಿಕೆಯ ಆಚೆಯಿಂದ ದನಿ ಬಂತು.

"ಮೇಸ್ತ್ರಿ, ಅದು ಹೊಳಿ ಮಣ್ಣು. ಎಳಕೊಂಡ ಬರೂ ಮುಂದ ಸೇರೇತಿ."

"ಕಾಕಾ, ಮೋಟಾರ ನಿಂದ್ರೂ ಮುಂದ ಹ್ಯಾಂಗ ನಿಂತ್ತು? ಕೆಮ್ಮಿ ಕೆಮ್ಮಿ ನಿಂತ್ತೋ, ಒಮ್ಮೆಲೆ ನಿಂತ್ತೋ?"

"ದೀಪ ಆರಿದಂಗ. ಕೆಮ್ಮು ಇಲ್ಲ, ಏನಿಲ್ಲ. ಹಗ್ಗ ಎಳದೆ, ಎಳದೆ, ಅಂಗೈ ಕಿತ್ತು ಬಂತು. ದೋಣಿ ತೇಲಿಕೋತ ಅವರ ಚೌಕಿ ಕಡೆ ಹೊಂಟಿತ್ತು. ಗಳ ಊರಿ ದಂಡಿಗೆ ತಂದೆ. ಆಮ್ಯಾಲ ಜಾಲಿ ಕಂಟಿಯೊಳಗ, ಕೆಸರಾಗ ಎಳಕೊಂಡ ಬಂದೆ. ಮೋಟಾರ ಎಷ್ಟ ಸಲ ಮಗ್ಗಲಾ ಬಿತ್ತೋ ಆ ಅಲ್ಲಾಗ ಗೊತ್ತು."

ಪೆಟ್ರೋಲಿನ ತೊಂದರೆಯಾದರೆ ಕೆಮ್ಮಿ ನಿಲ್ಲುತ್ತದೆ. ದೀಪ ಆರಿದಂತೆ ನಿಂತರೆ ಕಿಡಿಯ ತೊಂದರೆ. ಇಷ್ಟು ಸರಿಯಾಗಿ ಸುಳ್ಳು ಹೇಳಲು ಮೋಟಾರು ಬಲ್ಲವನೇ ಆಗಬೇಕು. ಈ ಮುದುಕ ಮೋಟಾರು ಕಂಡದ್ದೇ ಈ ಶ್ರಾವಣದಲ್ಲಿ. ಹುಟ್ಟಿದಾಗಿನಿಂದ ಗಳ, ಹುಟ್ಟು, ಹೊಳೆ.

"ನಿನ್ನ ಮ್ಯಾಲ ಯಾಕ ಸಂಶೆ ಇವರಿಗೆ?" ಎಂದೆ.

ಮುದುಕ ಹಲಗೆಯ ಸಂದಿಗೆ ಬಾಯಿ ತಂದ. "ನನ್ನ ಮಗಳು ಗೌಸಬಿನ್ನ ಮಡ್ಡಿಹಾಳಕ್ಕ ಕೊಟ್ಟೇನಿ. ಸಾಬರ ಪೈಕಿ ನಾ. ಇನ್ನೇನ ಬೇಕು?"

೩೦ ಆಗಸ್ಟ್

ಪಾಯಿಂಟು ತೊಳೆದು, ಸಣ್ಣ ಅರದಿಂದ ಉಜ್ಜಿ, ಪೋಸ್ಟ್ ಕಾರ್ಡು ತೂರಿಸಿ ಸಂದು ಸರಿಮಾಡಿದೆ. ಚಕ್ರ ಏರಿಸಿ ಎಳೆದೆ. ಕಿಡಿ ಬಂತು! ಆದರೆ ಬಡಕಲು ಕಿಡಿ, ಹಳದಿ ಬಣ್ಣ. ಇಂಥ ಕಿಡಿಗೆ ಪೆಟ್ರೋಲು ಹೊತ್ತಿಕೊಳ್ಳದು.

ಮುಂದಿನ ಸಂಶಯ ಕಂಡೆನ್ಸರಿನ ಮೇಲೆ. ಬೆರಳಿನ ತುದಿಯಷ್ಟು ಡಬ್ಬಿ. ಅದು ಕೆಟ್ಟರೆ ಕಿಡಿಯೆಲ್ಲ ಪಾಯಿಂಟಿನಲ್ಲೇ ಸುಟ್ಟು ಮುಗಿಯುತ್ತದೆ, ಪ್ಲಗ್ಗಿಗೆ ಮುಟ್ಟುವುದಿಲ್ಲ. ಪರೀಕ್ಷೆ ಮಾಡುವ ಸಾಮಾನು ಇಲ್ಲ. ಲಾರಿ ಡ್ರೈವರನ ಪೆಟ್ಟಿಗೆಯಲ್ಲಿ ಒಂದು ಹಳೆಯ ಕಂಡೆನ್ಸರ್ ಸಿಕ್ಕಿತು. ವೈರಿನಿಂದ ಕಟ್ಟಿ ನೋಡಿದೆ. ನೀಲಿ ಕಿಡಿ. ದಪ್ಪ, ಸದ್ದು ಮಾಡುವ ಕಿಡಿ.

ನೀರು ತುಂಬಿದ ಡ್ರಮ್ಮಿನಲ್ಲಿ ಮೋಟಾರು ನಿಲ್ಲಿಸಿ ಎಳೆದೆ. ಎರಡನೆಯ ಎಳೆತಕ್ಕೆ ಹಿಡಿದುಕೊಂಡಿತು. ಕ್ಯಾಂಪೆಲ್ಲ ಕೇಕೆ. ಅಡುಗೆ ಮಾಡುವ ಕರೆವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮೊದಲ ದೋಣಿಯಲ್ಲಿ ಪಾರಾಗಿ ಬಂದವಳು ಅವಳು. ಅವಳ ಅತ್ತೆ, ಎರಡು ಮಕ್ಕಳು ಇನ್ನೂ ಮಡ್ಡಿಹಾಳದಲ್ಲಿ. ನನ್ನ ಕಾಲು ಮುಟ್ಟಲು ಬಂದಳು, ಹಿಂದೆ ಸರಿದೆ.

ಆಗ ತಿರಕಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಸಾಬ ಒಳಗ ಇದ್ದ, ಮೋಟಾರ ಚಾಲೂ ಆತು. ಇನ್ನೇನ ಸಾಕ್ಷಿ ಬೇಕ್ರಿ?"

ಜನ ತಲೆಯಾಡಿಸಿದರು. ಗವಿಸಿದ್ದಪ್ಪನವರೂ. ಎಲ್ಲರೂ ದೋಣಿ ನೀರಿಗಿಳಿಸಲು ಹೋದರು.

ಡ್ರಮ್ಮಿನ ಬಳಿ ನಾನೊಬ್ಬನೇ. ಮೋಟಾರು ಓಡುತ್ತಲೇ ಇತ್ತು. ಬೀಡಿ ಹಚ್ಚಿದೆ. ಇನ್ನೊಂದು ಹಚ್ಚಿದೆ. ಅದು ಮುಗಿಯುವುದರೊಳಗೆ—ದೀಪ ಆರಿದಂತೆ ನಿಂತಿತು. ಪ್ಲಗ್ಗು ತೆಗೆದು ನೋಡಿದರೆ ಕಿಡಿ ಇಲ್ಲ.

ಕೈ ಇಟ್ಟೆ. ಚಕ್ರದ ಕೆಳಗೆ ಸುಡುತ್ತಿತ್ತು. ಹಸಿ ಗೋಣಿ ಸುತ್ತಿ ಕಾದೆ. ತಣ್ಣಗಾದ ಮೇಲೆ ಎಳೆದರೆ ಮತ್ತೆ ನೀಲಿ ಕಿಡಿ!

ಕಾಯಿಲ್. ಒಳಗಿನ ಕಾಯಿಲ್, ಕಿಡಿಗೆ ಬಲ ಕೊಡುವ ತಂತಿಸುರುಳಿ, ಬಿಸಿಯಾದರೆ ಸಾಯುತ್ತದೆ, ತಣ್ಣಗಾದರೆ ಬದುಕುತ್ತದೆ. ಬಸ್ರಾದ ಬಿಸಿಲಲ್ಲಿ ಇಂಥವನ್ನು ನೋಡಿದ್ದೇನೆ: ಒಂದೆರಡು ಸಲ ತಾಳಿ, ಆಮೇಲೆ ಕೈಕೊಡುತ್ತವೆ. ಮನುಷ್ಯರ ಕೈಯಿಂದ ಆಗುವ ಕೆಲಸ ಅಲ್ಲ ಇದು. ಮುದುಕ ಹೇಳಿದ್ದೆಲ್ಲ ಖರೆ.

ಆಮೇಲೆ ಇನ್ನೊಂದು ಹೊಳೆಯಿತು. ಮೋಟಾರು ನಡೆದರೆ ಉಸ್ಮಾನಸಾಬ ದ್ರೋಹಿ. ನಿಂತರೆ ಅವನು ಬಚಾವ್, ಆದರೆ ಮಡ್ಡಿಹಾಳದವರ ಗತಿ? ನಾನು ಇದರ ನಡುವೆ, ಕೈಯಲ್ಲಿ ಪ್ಲಗ್ಗು ಹಿಡಿದುಕೊಂಡು.

೧ ಸೆಪ್ಟೆಂಬರ್

ನಿನ್ನೆ ಗವಿಸಿದ್ದಪ್ಪನವರಿಗೆ ಕಾಯಿಲಿನ ಮಾತು ಹೇಳಿ, ದೋಣಿ ಬಿಡಬೇಡಿ ಎಂದೆ. ನಂಬಲಿಲ್ಲ. "ನಿನ್ನೆ ಚಾಲೂ ಆಗಿದ್ದನ್ನ ನಾನಽ ಕಣ್ಣಾರೆ ನೋಡೇನಲ್ಲೋ!"

ಇವತ್ತು ತೋರಿಸಿದೆ. ಕರೆವ್ವನ ಒಲೆಯಲ್ಲಿ ಮರಳು ಹುರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕಾಯಿಲಿಗೆ ಶಾಖ ಕೊಟ್ಟು ಚಕ್ರ ಏರಿಸಿದೆ. ಎಳೆದೆ. ಕಿಡಿ ಇಲ್ಲ. ತಣ್ಣೀರಿನ ಬಟ್ಟೆ ಹಾಕಿ ಕಾದು ಎಳೆದೆ. ಕಿಡಿ. ಗವಿಸಿದ್ದಪ್ಪ ಸಾಹುಕಾರರು ಮೂಗು ಮುರಿದರು. "ನಿನ್ನ ಕೈಯಾಗ ಇದ್ದದ್ದು ನೀ ಹ್ಯಾಂಗ ಬೇಕ ಹಂಗ ಕುಣಸ್ತಿ. ತಾ ಇಲ್ಲೆ, ನಾ ಹಿಡೀತೀನಿ." ಬೇಡ ಎಂದರೂ ಕೇಳದೆ ವೈರಿನ ತುದಿ ಹಿಡಿದರು. ಬಿಸಿಯಿದ್ದಾಗ ಎಳೆದೆ, ಏನೂ ಆಗಲಿಲ್ಲ. "ಏನಿಲ್ಲಲೇ" ಎಂದು ನಕ್ಕರು. ತಣ್ಣಗಾದ ಮೇಲೆ ಎಳೆದೆ. "ಅಯ್ಯೋ ಯವ್ವಾ!" ಎಂದು ಹಾರಿ ಹಿಂದಕ್ಕೆ ಕೂತರು. ಪಟಕ ಬಿದ್ದುಹೋಯಿತು. ಕರೆವ್ವ ಸೆರಗು ಬಾಯಿಗೆ ತುರುಕಿಕೊಂಡಳು.

ಪಟಕ ಎತ್ತಿ ಸುತ್ತಿಕೊಳ್ಳತೊಡಗಿದರು. ಅವರಿಗೆ ಅರ್ಥವಾಗಿತ್ತು. ಮುಖದಲ್ಲೇ ಕಾಣುತ್ತಿತ್ತು.

"ಹಂಗಂದ್ರ ಕೆಟ್ಟ ಮೋಟಾರ ತಂದಾಂವ ನಾನಽ ಆದ್ನಲ್ಲೋ ಉಳವಪ್ಪ" ಎಂದರು ಮೆಲ್ಲಗೆ.

"ಯಾರಿಗೂ ಗೊತ್ತಾಗೂ ಹಂಗ ಇರಲಿಲ್ರಿ. ತಣ್ಣಗ ಇದ್ದಾಗ ನೋಡಿ ತಂದೀರಿ. ಕಾಕಾನ್ನ ಬಿಡ್ರಿ ಈಗ."

"ಬಿಟ್ರ ತಿರಕಪ್ಪನ ಮಂದಿ ಅವನ್ನ ಉಳಸ್ತಾರೇನು? ಒಳಗ ಇದ್ರ ಜೀವ ಉಳೀತೈತಿ."

ಇದು ಮುದುಕನ ಮೇಲಿನ ಕರುಣೆಯೋ, ಮುಖ ಉಳಿಸಿಕೊಳ್ಳುವ ಉಪಾಯವೋ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

೩ ಸೆಪ್ಟೆಂಬರ್

ಕಾಯಿಲ್ ಹುಬ್ಬಳ್ಳಿಯಲ್ಲಿ ಸಿಕ್ಕುವುದಿಲ್ಲವಂತೆ. ಮುಂಬೈಯಿಂದಲೇ ಬರಬೇಕು. ಅದು ಬರುವಷ್ಟರಲ್ಲಿ...

ತಿರಕಪ್ಪ ಬಂದು ಪಕ್ಕದಲ್ಲಿ ಕೂತ. ಬಂದೂಕು ಗೋಡೆಗೆ ಒರಗಿಸಿದ. ದನಿ ಮೆತ್ತಗಿತ್ತು. "ಉಳವಪ್ಪಣ್ಣ, ನಾಳಿ ಲಾರಿ ಗದಗಿಗೆ ಹೊಂಟೈತಿ. ನೀನೂ ಹೋಗಬಹುದು. ಒಂದ ಮಾತ ಹೇಳು. ಮಣ್ಣ ತುಂಬಿದ್ದು ನೋಡೇನಿ ಅಂತ, ನಾಕ ಮಂದಿ ಮುಂದ. ಸುಳ್ಳಲ್ಲಲ್ಲ, ಮಣ್ಣ ಇತ್ತೋ ಇಲ್ಲೋ?"

"ಇತ್ತು."

"ಹಂಗಾದ್ರ ಇತ್ತು ಅನ್ನು. ಅಷ್ಟಽ. ಮನಿಗೆ ಹೋಗು."

ಇತ್ತು ಎಂಬ ಒಂದು ಮಾತು. ಸುಳ್ಳೂ ಅಲ್ಲ. ಸಿದ್ದಲಿಂಗವ್ವನ ಕೈಯ ಬಿಸಿ ರೊಟ್ಟಿ, ನನ್ನ ಹಾಸಿಗೆ, ಬೆಳಗಿನ ಮಗ್ಗದ ಸದ್ದು. ಬಾಯಿ ತೆರೆದಿದ್ದೆ, ದೇವರಾಣೆ. ತಡಿಕೆಯ ಆಚೆ ಮುದುಕ ಕೆಮ್ಮಿದ. ಬೇಕೆಂದು ಕೆಮ್ಮಿದ್ದಲ್ಲ. ಹತ್ತಿಯ ಧೂಳು.

"ಮಣ್ಣ ಆಮ್ಯಾಲ ಸೇರಿದ್ದು. ಮೋಟಾರ ನಿಂತದ್ದು ಕಾಯಿಲಿನಿಂದ. ಎಷ್ಟ ಮಂದಿ ಮುಂದ ಬೇಕಾದ್ರೂ ಇದನ್ನಽ ಹೇಳ್ತೀನಿ" ಎಂದೆ.

ತಿರಕಪ್ಪ ಎದ್ದ. "ಹಂಗಾದ್ರ ಇಲ್ಲೇ ಇರು, ಅವನ ಜೋಡಿ."

೪ ಸೆಪ್ಟೆಂಬರ್

ಲಾರಿ ಹೋಗುವುದನ್ನು ತಡೆದೆ. ನಾನೇ ತಡೆದೆ!

ಬೆಳಿಗ್ಗೆ ಡ್ರೈವರ್ ಬಾನೆಟ್ ಎತ್ತಿ ನೀರು ಹಾಕುತ್ತಿದ್ದ. ಸುಮ್ಮನೆ ನೋಡುತ್ತ ನಿಂತಿದ್ದೆ—ಹೋಗುವವರನ್ನು ನೋಡುವ ಹೊಟ್ಟೆಯುರಿ. ಕಣ್ಣು ಲಾರಿಯ ಕಾಯಿಲಿನ ಮೇಲೆ ಬಿತ್ತು. ಕಾಯಿಲ್, ಬ್ಯಾಟರಿ. ದೋಣಿ ಮೋಟಾರಿನ ಪಾಯಿಂಟು ಸರಿ ಇದೆ, ಕಂಡೆನ್ಸರ್ ಸರಿ ಇದೆ, ಪ್ಲಗ್ಗು ಸರಿ ಇದೆ. ಕೆಟ್ಟದ್ದು ಒಂದೇ. ಒಳಗಿನ ಕಾಯಿಲಿನ ವೈರು ಕತ್ತರಿಸಿ, ಲಾರಿಯ ಕಾಯಿಲಿನಿಂದ ಪಾಯಿಂಟಿಗೆ ವೈರು ಎಳೆದರೆ? ಬ್ಯಾಟರಿ ದೋಣಿಯಲ್ಲೇ ಇಟ್ಟರೆ? ಕಾಯಿಲ್ ಮೋಟಾರಿನಿಂದ ದೂರ ಇರುತ್ತದೆ. ಬಿಸಿಯಾಗುವ ಮಾತೇ ಇಲ್ಲ.

ಗವಿಸಿದ್ದಪ್ಪನವರ ಬಳಿ ಓಡಿದೆ. ಲಾರಿಗೆ ಹತ್ತಿ ಹೇರಿಯಾಗಿತ್ತು. ಕೇಳಿದರು, ಯೋಚಿಸಿದರು, "ಹತ್ತಿ ಇಳಸ್ರಿ" ಎಂದರು.

ಡ್ರೈವರನ ಬೈಗುಳ ಕೇಳಲಾಗದು. ಮನೆಗೆ ಹೋಗುವ ಒಂದೇ ಗಾಡಿಯ ಜೀವ ನನ್ನ ಕೈಯಿಂದಲೇ ಕಿತ್ತೆ.

೬ ಸೆಪ್ಟೆಂಬರ್

ಡ್ರಮ್ಮಿನಲ್ಲಿ ಇಡೀ ಮಧ್ಯಾಹ್ನ ಓಡಿತು. ನಿಲ್ಲಲಿಲ್ಲ. ಲಾರಿಯ ಕಾಯಿಲ್ ಮುಟ್ಟಿ ನೋಡಿದೆ, ಉಗುರುಬೆಚ್ಚಗೆ ಅಷ್ಟೇ.

ದೋಣಿ ನಡೆಸುವವನು ಯಾರು ಎಂಬ ಮಾತು ಬಂತು. ತಿರಕಪ್ಪ ತಾನೇ ಎಂದ. ಅವನಿಗೆ ಈಜು ಬರುತ್ತದೆ, ಹೊಳೆ ಗೊತ್ತಿಲ್ಲ. ಮೇಲಕ್ಕೆ ಬರುವಾಗ ನಡು ಸೆಳವಿಗೆ ಸಿಕ್ಕರೆ ಈ ಸಣ್ಣ ಮೋಟಾರು ಸೋಲುತ್ತದೆ. ದಂಡೆಗುಂಟ, ಬಂಡೆಗಳ ಮರೆಯಲ್ಲಿ ಬರಬೇಕು. ಯಾವ ಬಂಡೆ ಎಷ್ಟು ಮುಳುಗಿದೆ ಎಂದು ಬಲ್ಲವನು ಬೀಗದ ಹಿಂದಿದ್ದಾನೆ.

"ಕಾಕಾ ಬಂದ್ರ ನಾ ಬರ್ತೀನಿ. ಇಲ್ಲಾಂದ್ರ ವೈರ ಬಿಚ್ಚಿ ಲಾರಿಗೆ ಹಾಕ್ತೀನಿ" ಎಂದೆ.

ಇಷ್ಟು ಗಟ್ಟಿಯಾಗಿ ಮಾತಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಗವಿಸಿದ್ದಪ್ಪನವರು ಸೊಂಟದಿಂದ ಕೀಲಿಕೈ ತೆಗೆದು ಕೊಟ್ಟರು. ತಾವು ಬಾಗಿಲವರೆಗೆ ಬರಲಿಲ್ಲ. ತಿರಕಪ್ಪ ಹೇಳಿದ: "ನಾನೂ ದೋಣಿಯಾಗ ಬರಾಂವ. ಬಂದೂಕ ಅವನ ಬೆನ್ನಿಗೇ ಇರ್ತೈತಿ."

ಉಸ್ಮಾನಸಾಬ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬಂದ. ಮೈಯೆಲ್ಲ ಹತ್ತಿಯ ಎಳೆ. ಮೊದಲು ಹೊಳೆಯ ಕಡೆ ನೋಡಿದ. "ಏರೇತಿ" ಎಂದ. ಅಷ್ಟೇ.

೯ ಸೆಪ್ಟೆಂಬರ್, ಗುರುವಾರ

ನಿನ್ನೆ ಹೋಗಿ ಬಂದೆವು.

ಕೆಳಗೆ ಹೋಗುವಾಗ ಮೋಟಾರು ಬಂದ್ ಮಾಡಿ ತೇಲಿದೆವು, ಸದ್ದಾಗಬಾರದೆಂದು. ಮಡ್ಡಿಹಾಳದ ಕೆಳಗಿನ ಆಪಿನೊಳಗೆ, ಆಳೆತ್ತರದ ಜೊಂಡಿನಲ್ಲಿ, ಜನ ಅಡಗಿದ್ದರು. ಜೊಂಡು ಸರಿಸಿಕೊಂಡು ಬಂದರು. ಕರೆವ್ವನ ಮಕ್ಕಳು, ಅತ್ತೆ. ಸಾಹುಕಾರರ ತಾಯಿ ಗದಿಗೆವ್ವನವರು ನಡೆಯಲಾರರು. ಉಸ್ಮಾನಸಾಬ ಎದೆಮಟ್ಟದ ನೀರಿಗಿಳಿದು ಅವರನ್ನು ಹೆಗಲ ಮೇಲೆ ಹೊತ್ತು ತಂದು ದೋಣಿಯಲ್ಲಿ ಕೂರಿಸಿದ.

"ಯಾರಪಾ ನೀ?" ಎಂದರು ಅಜ್ಜಿ.

"ಉಸ್ಮಾನ, ಯವ್ವಾ. ಅಂಬಿಗರಾಂವ ಅಂತ ತಿಳೀರಿ."

ಬಂದವರಲ್ಲಿ ಒಬ್ಬನನ್ನು ಅವನು ಪಿಸುಮಾತಿನಲ್ಲಿ ಗೌಸಬಿಯ ಸುದ್ದಿ ಕೇಳಿದ. ಆರಾಮ ಇದ್ದಾಳೆ, ಮನೆಯಿಂದ ಹೊರಗೆ ಬರುತ್ತಿಲ್ಲ ಎಂದನಂತೆ. "ಆತು ಬಿಡು. ಅಕಿಗೆ ಅಲ್ಲೇನ ಹೆದರಿಕಿ ಇಲ್ಲ" ಎಂದ ನನಗೆ.

ಮೇಲಕ್ಕೆ ಬರುವಾಗ ಎರಡನೆಯ ಎಳೆತಕ್ಕೆ ಹಿಡಿದುಕೊಂಡಿತು. ದಂಡೆಯ ಮೇಲಿಂದ ಗುಂಡು ಹಾರಿದವು. ಮಕ್ಕಳು ಅಳಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ನಾನು ಮೋಟಾರಿನ ಮೇಲೆ ಕವಿದು ಕೂತೆ. ಸತ್ತರೂ ವೈರು ಕಳಚಬಾರದು. ಉಸ್ಮಾನಸಾಬ ಬಂಡೆಯಿಂದ ಬಂಡೆಗೆ, ಮರೆಯಿಂದ ಮರೆಗೆ, ಎತ್ತನ್ನು ಹೊಡೆದಂತೆ ದೋಣಿ ಹೊಡೆದ. ಒಂದು ಸಲ ತಳ ಕರ್ ಎಂದಿತು. ತಿರಕಪ್ಪ ಬಂದೂಕು ಕೆಳಗಿಟ್ಟು ಗಳ ಹಿಡಿದಿದ್ದ. ಯಾವಾಗ ಕೆಳಗಿಟ್ಟನೋ ಗೊತ್ತಿಲ್ಲ.

ಮೋಟಾರು ಒಂದು ಸಲವೂ ನಿಲ್ಲಲಿಲ್ಲ.

ದಂಡೆಗೆ ಬಂದ ಮೇಲೆ ತಿರಕಪ್ಪ ಉಸ್ಮಾನಸಾಬನಿಗೆ ಬೀಡಿ ಹಚ್ಚಿ ಕೊಟ್ಟ, ಮುಖ ಆ ಕಡೆ ಮಾಡಿಕೊಂಡು.

೧೩ ಸೆಪ್ಟೆಂಬರ್, ಸೋಮವಾರ

ಮಿಲಿಟರಿ ಒಳಗೆ ನುಗ್ಗಿದೆಯಂತೆ, ಸೋಲಾಪುರದ ಕಡೆಯಿಂದ. ಕ್ಯಾಂಪಿನಲ್ಲಿ ಯಾರಿಗೂ ಊಟ ಬೇಡ. ರೇಡಿಯೋ ಇದ್ದ ಮುಂಡರಗಿಗೆ ಒಬ್ಬನನ್ನು ಸೈಕಲ್ಲಿನಲ್ಲಿ ಕಳಿಸಿದ್ದಾರೆ.

೧೮ ಸೆಪ್ಟೆಂಬರ್

ಮುಗಿಯಿತು. ನಿಜಾಮ ಶರಣಾದ. ಹುಡುಗರು ಗುಲಾಲು ಎರಚಿದರು. ಗಡಿಯಿಲ್ಲ, ಚೌಕಿಯಿಲ್ಲ. ಗದಿಗೆವ್ವನವರು ಎಲ್ಲರ ಕೈಗೆ ಬೆಲ್ಲ ಇಟ್ಟರು. ಇನ್ನೆರಡು ದಿನದಲ್ಲಿ ಮನೆ.

೨೨ ಸೆಪ್ಟೆಂಬರ್

ನಾಳೆ ಬೆಳಿಗ್ಗೆ ಲಾರಿ ಹೊರಡುತ್ತದೆ. ಕಾಯಿಲ್, ಬ್ಯಾಟರಿ ಹಿಂದಕ್ಕೆ ಹಾಕಲು ಸ್ಪ್ಯಾನರ್ ತೆಗೆದುಕೊಂಡು ದೋಣಿಗೆ ಹೋದೆ. ಉಸ್ಮಾನಸಾಬ ದೋಣಿಯಲ್ಲೇ ಕೂತಿದ್ದ.

"ಇವತ್ತ ಬಿಚ್ಚಬ್ಯಾಡ ಮೇಸ್ತ್ರಿ."

"ಯಾಕ ಕಾಕಾ?"

ಮಡ್ಡಿಹಾಳದಿಂದ ಸುದ್ದಿ ಬಂದಿದೆ. ರಜಾಕಾರರು ಓಡಿಹೋದರು. ಈಗ ಸಾಬರ ಮನೆಗಳಿಗೆ ಬೆಂಕಿ. ಏನೂ ಮಾಡದವರ ಮನೆಗಳಿಗೂ. ಗೌಸಬಿಯ ಗಂಡನನ್ನು ಕೊಂದಿದ್ದಾರೆ. ಗಾಡಿ ಬಾಡಿಗೆಗೆ ಹೊಡೆಯುತ್ತಿದ್ದ, ಯಾರ ತಂಟೆಗೂ ಹೋದವನಲ್ಲ. ಅವಳು ಕೂಸು ಕಟ್ಟಿಕೊಂಡು ಆಪಿನಲ್ಲಿ ಅಡಗಿದ್ದಾಳಂತೆ. ನಾವು ಹೋದಾಗ ಕರೆವ್ವನ ಮಕ್ಕಳು ಅಡಗಿದ್ದ ಅದೇ ಜೊಂಡು.

"ದಾರಿ ಮ್ಯಾಲ ಹೋಗಾಕ ಆಗಂಗಿಲ್ಲ. ನನ್ನ ಗಡ್ಡಾ ನೋಡಿದ್ರ ಬಿಡಂಗಿಲ್ಲ. ಹೊಳಿ ಒಂದಽ ದಾರಿ."

ಮಾತು ಮುಗಿಸಿ ನನ್ನ ಮುಖ ನೋಡಲಿಲ್ಲ. ಕೇಳಿಕೊಳ್ಳಲೂ ಇಲ್ಲ. ಮೋಟಾರಿನ ಮೇಲೆ ಕೈ ಇಟ್ಟು ಕೂತ.

ಗವಿಸಿದ್ದಪ್ಪನವರ ಬಳಿ ಹೋದೆ. ತಿರಕಪ್ಪ ಅಲ್ಲೇ ಇದ್ದ. ಹೇಳಿದೆ. ಸಾಹುಕಾರರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಈಗ ಹೋದ್ರ ಜನ ಏನಂತಾರ? ನಿನ್ನೆ ತನ ನಮ್ಮ ಮಂದಿಗೆ ಬಡದವರು..."

"ಗೌಸಬಿ ಯಾರಿಗೆ ಬಡದಾಳ್ರಿ?"

ಒಳಗಿನಿಂದ ಗದಿಗೆವ್ವನವರು ಗೋಡೆ ಹಿಡಿದುಕೊಂಡು ಬಂದು ನಿಂತರು. ಎಲ್ಲ ಕೇಳಿಸಿಕೊಂಡಿದ್ದರು. ತಿರಕಪ್ಪನನ್ನು ನೋಡಿದರು. "ಅವತ್ತ ನಿನ್ನ ಬಂದೂಕ ಅಂವನ ಬೆನ್ನಿಗೆ ಇತ್ತು, ನಾ ಅವನ ಹೆಗಲ ಮ್ಯಾಲ ಇದ್ದೆ. ಅಷ್ಟಾದ್ರೂ ಅಂವ ನನ್ನ ನೀರಿಗೆ ಬಿಡಲಿಲ್ಲೋ ತಿರಕಪ್ಪ."

ತಿರಕಪ್ಪ ಎದ್ದು ಹೊರಗೆ ಹೋದ. ನನ್ನನ್ನು ತಡೆಯಲು ಹುಡುಗರನ್ನು ಕರೆಯುತ್ತಾನೆ ಎಂದುಕೊಂಡೆ. ಇಲ್ಲ. ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ. ದಾಟಿ ಬಂದೆ. ಅವನು ತಿರುಗಿ ನೋಡಲಿಲ್ಲ.

ಹಿಂದಿನಿಂದ ಗವಿಸಿದ್ದಪ್ಪನವರ ದನಿ: "ಲಾರಿ ಮುಂಜಾನಿ ಹೊಂಡತೈತಿ. ಕಾಯಿಲ ಅದರಾಗ ಇರಬೇಕು. ಅದರ ಮದಲ ಏನ ಮಾಡ್ತೀಯೋ ನನಗ ಗೊತ್ತಿಲ್ಲ. ನಾ ನೋಡಿಲ್ಲ."

ನೋಡಿಲ್ಲ ಎಂಬುದೇ ಅಪ್ಪಣೆ.

ಲಾರಿಯಲ್ಲಿ ಹೋಗಿಬಿಡಬಹುದಿತ್ತು ನಾನು. ಸ್ಪ್ಯಾನರ್ ಕೈಯಲ್ಲೇ ಇತ್ತು. ಎರಡು ನಟ್ಟು ಬಿಚ್ಚಿದರೆ ಸಾಕು, ನಾಳೆ ಈ ಹೊತ್ತಿಗೆ ಬೆಟಗೇರಿ. ನನ್ನನ್ನು ಇಲ್ಲಿ ಹಿಡಿದಿಡುವವರು ಯಾರೂ ಈಗ ಇಲ್ಲ. ಬಾಗಿಲು ತೆರೆದಿದೆ. ಆದರೂ ಕಾಲು ದೋಣಿಯ ಕಡೆಗೇ ಹೋಗುತ್ತದೆ. ಇದಕ್ಕೆ ಏನೆನ್ನುತ್ತಾರೋ.

ಅದೇ ದಿನ, ಮಧ್ಯಾಹ್ನ, ಆಪಿನ ಹತ್ತಿರ

ಬಂದು ತಲುಪಿದೆವು. ಉಸ್ಮಾನಸಾಬ ಜೊಂಡಿನೊಳಗೆ ಹೋಗಿದ್ದಾನೆ. ನಾನು ದೋಣಿ ಕಾಯುತ್ತಿದ್ದೇನೆ. ಕೈಗೆ ಕೆಲಸ ಬೇಕು, ಅದಕ್ಕೇ ಬರೆಯುವುದು.

ಪ್ಲಗ್ಗು ತೆಗೆದು ಒಮ್ಮೆ ಕಿಡಿ ನೋಡಿದೆ. ಇದೆ. ನೀಲಿ. ಬ್ಯಾಟರಿಯಲ್ಲಿ ಜೀವ ಎಷ್ಟಿದೆಯೋ ಹೇಳಲಾಗದು. ಮೊನ್ನೆ ಲಾರಿಗೆ ಹಾಕಿ ಚಾರ್ಜು ಮಾಡಬೇಕಿತ್ತು, ಗುಲಾಲಿನ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಮೇಲಕ್ಕೆ ಒಂದು ಸಲಕ್ಕೆ ಸಾಕು. ಒಂದು ಸಲಕ್ಕಂತೂ ಸಾಕು.

ಊರಿನ ಕಡೆ ಹೊಗೆ. ನಾಯಿಗಳು ಒಂದೇ ಸಮ ಬೊಗಳುತ್ತಿವೆ.

ಜೊಂಡು ಅಲ್ಲಾಡಿತು. ಉಸ್ಮಾನಸಾಬ. ಎದೆಗೆ ಕೂಸು ಅವಚಿಕೊಂಡಿದ್ದಾನೆ. ಹಿಂದೆ ಒಬ್ಬಳು, ತಲೆಯ ಮೇಲೆ ಸೆರಗಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಗೌಸಬಿ ಇವಳೇ ಇರಬೇಕು. ಅಪ್ಪನ ಅಂಗಿಯ ಚುಂಗು ಹಿಡಿದು ನಡೆಯುತ್ತಿದ್ದಾಳೆ. ಬದುಕಿದ್ದಾಳೆ. ಬದುಕಿದ್ದಾಳೆ!

ಅವಳ ಹಿಂದೆ ಇನ್ನೊಬ್ಬ ಮುದುಕಿ. ಅವಳ ಹಿಂದೆ ಮಕ್ಕಳು. ಜೊಂಡಿನಿಂದ ಬರುತ್ತಲೇ ಇದ್ದಾರೆ. ಒಬ್ಬರೂ ಮಾತಾಡುತ್ತಿಲ್ಲ. ಸೊಂಟದವರೆಗೆ ನೀರಿಗಿಳಿದು ನನ್ನನ್ನೇ ನೋಡುತ್ತ ನಿಂತಿದ್ದಾರೆ. ಇಷ್ಟು ಜನಕ್ಕೆ ಈ ದೋಣಿ...

"ಮೇಸ್ತ್ರಿ," ಅಂತಾನೆ ಉಸ್ಮಾನಸಾಬ. "ಎರಡ ಸಲ ಬರಬೇಕಾಗತೈತಿ."

ಬರೋಣ ಎಂದೆ. ಬ್ಯಾಟರಿಯ ಮಾತು ಹೇಳಲಿಲ್ಲ. ಗೌಸಬಿ ಕೂಸನ್ನು ನನ್ನ ಮಡಿಲಿಗೆ ಹಾಕಿ ತಾನು ಹಿಂದೆ ಸರಿದಳು, ಮುದುಕಿಗೆ ಮೊದಲು ಹತ್ತು ಎನ್ನುತ್ತಿದ್ದಾಳೆ, ಮುದುಕಿ ಒಲ್ಲೆ ಎನ್ನುತ್ತಿದ್ದಾಳೆ, ಯಾರನ್ನು ಮೊದಲು ಹತ್ತಿಸಲಿ. ಪೆನ್ಸಿಲು ಇಡುತ್ತೇನೆ, ಹತ್ತಿರದವರಿಗೆ ಕೈ ಕೊಡಬೇಕು.